ಆಡಿಟ್ಟಿನ ದಿನದ ಮಕ್ಕಳು

ಉಳಿದ ದಿನ ಮಕ್ಕಳನ್ನು ಒಳಗೆ ತರಕೂಡದು. ಆಡಿಟ್ಟಿನ ದಿನ ತರಲೇಬೇಕು. ಮ್ಯಾನೇಜರ್ ಮಧುಸೂದನ ಇದನ್ನು ಹೇಳುವಾಗ ನಗುವುದಿಲ್ಲ, ಕೇಳುವ ಹೆಂಗಸರೂ ನಗುವುದಿಲ್ಲ. ಹೆಮ್ಮಾಡಿ ದಾಟಿದ ಮೇಲೆ ಹೆದ್ದಾರಿಯಿಂದ ತುಸು ಒಳಗಿರುವ ಈ ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವವರು ಹೆಚ್ಚುಕಡಿಮೆ ಎಲ್ಲರೂ ಹೆಂಗಸರೇ. ಇಷ್ಟು ಹೆಂಗಸರಿದ್ದ ಮೇಲೆ ಅವರ ಮಕ್ಕಳಿಗೆಂದು ಒಂದು ಕೋಣೆ ಇರಬೇಕು ಎನ್ನುವುದು ಕಾನೂನು. ಕೆಲಸದ ಜಾಗದಲ್ಲಿ ಮಕ್ಕಳ ನೆರಳೂ ಬೀಳಬಾರದು ಎನ್ನುವುದು ಬೀಜ ಕೊಳ್ಳುವ ಪರದೇಶದ ಕಂಪೆನಿಯವರ ಕಟ್ಟಳೆ. ಎರಡನ್ನೂ ತಪಾಸಣೆ ಮಾಡಲು ಅವರು ಕಳಿಸುವವರೇ ಆಡಿಟ್ಟಿನವರು. ಹಾಗಾಗಿ ಕೋಣೆಯೂ ಇದೆ, ಕೋಣೆಗೆ ಬೀಗವೂ ಇದೆ. ಮಕ್ಕಳನ್ನು ನೋಡಿಕೊಳ್ಳಲು ಆಯಾ ಒಬ್ಬಳನ್ನು ಇಟ್ಟರೆ ಸಂಬಳ ಕೊಡಬೇಕಲ್ಲ, ಆದ್ದರಿಂದ ಆಯಾ ಇಲ್ಲ. ಬೀಗದ ಕೈ ಇರುವುದು ಬೀಜ ವಿಂಗಡಿಸುವ ಗ್ರೇಡಿಂಗ್ ವಿಭಾಗದ ಸೂಪರ್‌ವೈಸರ್ ವನಜಳ ಬಳಿ. ಆಡಿಟ್ಟಿನವರು ಬಂದ ದಿನ ಆಯಾ ಆಗುವವಳೂ ಅವಳೇ. ಈವತ್ತು ಬೆಳಿಗ್ಗೆ ಬಾಗಿಲು ತೆಗೆದಾಗ ಮುಚ್ಚಿಟ್ಟ ಪ್ಲಾಸ್ಟಿಕ್ಕಿನ ವಾಸನೆ ಮುಖಕ್ಕೆ ಬಡಿಯಿತು. ಗೋಡೆಯ ಮೇಲೆ ಬಣ್ಣದ ಬಾತುಕೋಳಿ, ಮೂಲೆಯಲ್ಲಿ ಹಳದಿ ಜಾರುಬಂಡಿ, ಕವರು ಬಿಚ್ಚದ ಗೊಂಬೆಗಳು. ಅವಳು ಗುಡಿಸುತ್ತಿದ್ದಳು, ಜೇಡರ ಬಲೆ ತೆಗೆಯುತ್ತಿದ್ದಳು, ಆದರೆ ಮನಸ್ಸು ಅಲ್ಲಿರಲಿಲ್ಲ. ಅದು ಒಂದು ಜೊತೆ ಪುಟ್ಟ ಕೈಗಳ ಮೇಲಿತ್ತು. ಕಪ್ಪು ಪೂರ್ತಿ ಹೋಗಿದೆಯೋ ಇಲ್ಲವೋ. ಹೋಗಿರಬೇಕು, ಅಷ್ಟು ತಿಕ್ಕಿದ ಮೇಲೆ ಹೋಗದೆ ಏನು. ಹೋಗದಿದ್ದರೆ ಮಗುವಿಗೆ ಕೊಟ್ಟ ಮಾತು ಏನಾಗಬೇಕು. ಏಳುವಾಗಲೂ ಇದೇ, ಬಸ್ಸಿನಲ್ಲೂ ಇದೇ, ಈಗ ಕಸಬರಿಕೆ ಹಿಡಿದಾಗಲೂ ಇದೇ.

ಮಗು ಅವಳದ್ದಲ್ಲ. ಬೀಜ ಒಡೆಯುವ ಕಟಿಂಗ್ ವಿಭಾಗದ ಸರಸಳದ್ದು. ಪ್ರೇಕ್ಷಾ ಎಂದು ಹೆಸರು, ಇನ್ನೂ ಐದು ತುಂಬಿಲ್ಲ. ಸರಸಳ ಗಂಡ ಗಂಗೊಳ್ಳಿಯಿಂದ ದೋಣಿಗೆ ಹೋಗುವವ; ದಡಕ್ಕೆ ಬಂದರೂ ಮನೆಗೆ ಬರುತ್ತಾನೆಂದು ಹೇಳಲು ಬರುವುದಿಲ್ಲ. ಅತ್ತೆ ತೀರಿಕೊಂಡ ಮೇಲೆ ಹಟ್ಟಿಯಂಗಡಿಯ ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರಿಲ್ಲ, ಅಂಗನವಾಡಿಗೆ ಬೇಸಗೆ ರಜೆ. ಹಾಗಾಗಿ ಬೇರೆ ಕೆಲವು ಹೆಂಗಸರಂತೆ ಸರಸಳೂ ಮಗುವನ್ನು ಹಿಂದಿನ ಗೇಟಿನಿಂದ ತಂದು ಮೇಜಿನ ಕೆಳಗೆ ಕೂರಿಸಿಕೊಳ್ಳುತ್ತಾಳೆ. ಎಲ್ಲರಿಗೂ ಗೊತ್ತು. ಮಧುಸೂದನರಿಗೂ ಗೊತ್ತು, ಅವರು ಆ ಕಡೆ ಬರುವಾಗ ಕೆಮ್ಮಿಕೊಂಡೇ ಬರುತ್ತಾರೆ, ಮಕ್ಕಳು ಗೋಣಿಚೀಲದ ಹಿಂದಕ್ಕೆ ಸರಿಯುತ್ತಾರೆ. ಈ ಮಗು ಮಾತ್ರ ಸರಿಯುವ ಪೈಕಿ ಅಲ್ಲ. ಒಂದು ದಿನ ಸೀದಾ ಗ್ರೇಡಿಂಗ್ ಮೇಜಿನ ಬಳಿಗೆ ಬಂದು, ವನಜಳ ಸೆರಗು ಜಗ್ಗಿ, ಬೀಗ ಹಾಕಿದ ಕೋಣೆಯ ಕಿಟಕಿಯತ್ತ ಕೈ ಮಾಡಿ, ಅದರೊಳಗೆ ಯಾರು ಇರುವುದು ಎಂದು ಕೇಳಿತ್ತು. ಯಾರೂ ಇಲ್ಲ ಎಂದಳು ವನಜ. ಯಾರೂ ಇಲ್ಲದ ಮೇಲೆ ಜಾರುಬಂಡಿ ಯಾರಿಗೆ ಎಂದಿತು. ಇದಕ್ಕೆ ಏನು ಹೇಳುವುದು? ಆಡಿಟ್ ಬಂದ ದಿನ ನಿನ್ನನ್ನು ಒಳಗೆ ಬಿಡುತ್ತೇನೆ ಎಂದು ಬಾಯಿಗೆ ಬಂದದ್ದನ್ನು ಹೇಳಿದಳು. ಅಷ್ಟೇ ಸಾಕಾಯಿತು. ಮಾರನೆಯ ದಿನದಿಂದ ಮಗು ಬಂದು, ಆಡಿಟ್ ಈವತ್ತಾ ಎಂದು ಕೇಳತೊಡಗಿತು, ಚೌತಿ ಈವತ್ತಾ ಎಂದು ಕೇಳುವ ಹಾಗೆ. ದೊಡ್ಡಮ್ಮ ಎನ್ನಲು ಯಾರು ಹೇಳಿಕೊಟ್ಟರೋ, ಅದೂ ಬಾಯಿಗೆ ಬಂತು.

ವನಜ ಒಂದು ಡಬ್ಬಿ ಕವುಚಿ ಹಾಕಿ ಮಗುವನ್ನು ಮೇಜಿನ ಪಕ್ಕ ಕೂರಿಸಿಕೊಂಡಳು. ತುಂಡು ಬೀಜ ಈಚೆಗೆ, ಇಡೀ ಬೀಜ ಆಚೆಗೆ, ಹೀಗೆ ಹೆಕ್ಕಬೇಕು ಎಂದು ತೋರಿಸಿದಳು. ಆಟ, ಅಷ್ಟೇ. ಮಗು ನಾಲಿಗೆಯ ತುದಿ ಹೊರಗೆ ಹಾಕಿ ಹೆಕ್ಕುತ್ತಿತ್ತು, ವನಜ ನೋಡುತ್ತಿದ್ದಳು, ಮಧ್ಯಾಹ್ನಗಳು ಹೇಗೆ ಕಳೆಯುತ್ತಿದ್ದವೋ ತಿಳಿಯುತ್ತಿರಲಿಲ್ಲ. ಹೀಗಿರುವಾಗ ಒಂದು ದಿನ ಮಧುಸೂದನ ಕೆಮ್ಮದೆ ಬಂದುಬಿಟ್ಟರು. ಎಂತ ವನಜ, ಮಗು ನಿಮ್ಮದಾ ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದರು. ಗೊತ್ತಿದ್ದೇ ಕೇಳಿದ್ದು, ವನಜಳಿಗೆ ಮಕ್ಕಳಿಲ್ಲ ಎನ್ನುವುದು ಕಾರ್ಖಾನೆಯ ಗೋಡೆಗೂ ಗೊತ್ತು. ಯಾರೋ ಕಿಸಕ್ಕೆಂದರು. ಆದರೆ ನಾಚಿಕೆಗಿಂತ ಮೊದಲು ಅವಳಿಗೆ ಆದದ್ದು ಖುಷಿ, ಹೌದು ಎಂದುಬಿಡುವಷ್ಟು ಖುಷಿ. ಆ ಖುಷಿಯನ್ನು ಯಾರಾದರೂ ಕಂಡರೋ ಎಂಬ ಹೆದರಿಕೆಗೆ ಮೈಯೆಲ್ಲ ಉರಿದು, ಮಗುವಿನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ, ನಿನ್ನ ಮಗಳನ್ನು ನಿನ್ನ ಹತ್ತಿರ ಇಟ್ಟುಕೋ ಎಂದು ಸರಸಳ ಮುಂದೆ ನಿಲ್ಲಿಸಿ ಬಂದಳು. ಗ್ರೇಡಿಂಗ್ ಮೇಜಿಗೆ ಬರುವುದು ಒಣಗಿದ ಬಿಳಿ ಬೀಜ, ಮಗು ಮುಟ್ಟಿದರೂ ಏನೂ ಆಗದು. ಕಟಿಂಗಿನಲ್ಲಿ ಹಾಗಲ್ಲ. ಅಲ್ಲಿ ಒಡೆದ ಚಿಪ್ಪಿನಿಂದ ಸುಡುವ ಎಣ್ಣೆ ಒಸರುತ್ತದೆ. ಹೆಂಗಸರು ಹರಳೆಣ್ಣೆ, ಬೂದಿ ಹಚ್ಚಿಕೊಂಡು ಕೂತರೂ ಬೆರಳು ಕರಿಯಾಗುವುದು ತಪ್ಪುವುದಿಲ್ಲ. ಮೇಜಿನ ಕೆಳಗೆ ಕೂತ ಮಗು ಕಲಿತ ಆಟ ಬಿಡಬೇಕಲ್ಲ, ಚಿಪ್ಪಿಗೆ ಅಂಟಿಕೊಂಡ ಬೀಜವನ್ನು ಹೆಕ್ಕಿ ತಾಯಿಯ ಬುಟ್ಟಿಗೆ ಹಾಕತೊಡಗಿತು. ಸ್ವಲ್ಪ ದಿನದಲ್ಲಿ ಅದರ ಬೆರಳುಗಳೂ ತಾಯಿಯ ಬೆರಳುಗಳಂತೆ ಆದವು. ವನಜ ದೂರದಿಂದ ನೋಡಿದಳು. ಕರೆದು ಮತ್ತೆ ಡಬ್ಬಿಯ ಮೇಲೆ ಕೂರಿಸಿಕೊಳ್ಳುವ ಧೈರ್ಯ ಬರಲಿಲ್ಲ.

ಆ ಬೆರಳು ಇಟ್ಟುಕೊಂಡು ಆ ಕೋಣೆಯಲ್ಲಿ ಕೂರಲು ಬರುವುದಿಲ್ಲ. ಈ ಮಗು ಎಲ್ಲಿ ಕೂರುತ್ತದೆ, ಏನು ಮಾಡುತ್ತದೆ ಎಂದು ಬೆರಳೇ ಹೇಳಿಬಿಡುತ್ತದೆ. ಮಧುಸೂದನ ಮೊದಲೇ ಹೇಳಿದ್ದರು: ಕೈಕಾಲು ಚೊಕ್ಕ ಇದ್ದ ಮಕ್ಕಳು ಮಾತ್ರ ಸಾಕು, ಆಫೀಸಿನವರ ಮಕ್ಕಳನ್ನು ತರಿಸಿ, ನಾನೂ ಮಗಳನ್ನು ಕರೆದುಕೊಂಡು ಬರುತ್ತೇನೆ, ದಿನಾ ಬರುವವು ಆ ಒಂದು ದಿನ ಬೇಡ. ವನಜ ತಲೆಯಾಡಿಸಿದ್ದಳು. ತಲೆಯಾಡಿಸಿಯೇ ನಿನ್ನೆ ಸಂಜೆ ಕೆಲಸ ಬಿಟ್ಟ ಮೇಲೆ ಮಗುವನ್ನು ಹಿಂದಿನ ನಲ್ಲಿಯ ಬಳಿ ಕೂರಿಸಿಕೊಂಡಳು. ಸೋಪಿನ ಪುಡಿ, ಲಿಂಬೆಹುಳಿ, ಒಂದು ಮುಷ್ಟಿ ತೆಂಗಿನ ನಾರು. ಈ ಕಾರ್ಖಾನೆಗೆ ಕಾಲಿಟ್ಟ ಮೊದಲ ದಿನವೇ ಹಳಬರು ಹೇಳಿಕೊಡುವ ಮಾತೊಂದಿದೆ: ಬೀಜದ ಎಣ್ಣೆ ತಾಗಿದ ಕೈಯನ್ನು ತಿಕ್ಕಬಾರದು, ಹರಳೆಣ್ಣೆ ಹಚ್ಚಿ ಬಿಡಬೇಕು, ಹಾಳಾದ ಚರ್ಮ ತಾನಾಗಿ ಎದ್ದು ಹೋಗುತ್ತದೆ. ವನಜಳೇ ಎಷ್ಟೋ ಹೊಸಬರಿಗೆ ಇದನ್ನು ಹೇಳಿಕೊಟ್ಟಿದ್ದಾಳೆ. ಸರಸ ಬುತ್ತಿಚೀಲ ಹೆಗಲಿಗೆ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದಳು.

"ಬ್ಯಾಡ ಅಕ್ಕ. ತಿಕ್ರೆ ಹುಣ್ಣಾತ್ತ್. ಅವ್ಳಿಗ್ ಆ ರೂಮ್ ಇಲ್ದಿದ್ರೂ ಅಡ್ಡಿಲ್ಲೆ."

ನನಗೆ ಗೊತ್ತಿಲ್ಲದ್ದನ್ನು ನೀನು ಹೇಳಿಕೊಡುತ್ತೀಯಾ ಎಂದಳು ವನಜ. ಸರಸ ಸೂಪರ್‌ವೈಸರ್ ಎಂದು ಸುಮ್ಮನಾದಳೋ, ಮಗಳ ಕಣ್ಣಲ್ಲಿದ್ದ ಆಸೆ ಕಂಡು ಸುಮ್ಮನಾದಳೋ, ಆಗ ಅದನ್ನು ಯೋಚಿಸುವ ವ್ಯವಧಾನ ವನಜಳಿಗೆ ಇರಲಿಲ್ಲ. ಅಳಬಾರದು, ಮರ್ಕೂಕಾಗ ಹೆಣೇ ಎಂದು ಮಗುವಿಗೆ ಹೇಳಿ ತಿಕ್ಕತೊಡಗಿದಳು. ಮಗು ಅಳಲಿಲ್ಲ. ಉರಿತ್ತ್ ದೊಡ್ಡಮ್ಮ ಎಂದು ಒಂದೇ ಸಲ ಹೇಳಿ ಕಣ್ಣು ಮುಚ್ಚಿಕೊಂಡಿತು. ಪುಟ್ಟ ಮಣಿಕಟ್ಟು ವನಜಳ ಮುಷ್ಟಿಯೊಳಗೆ ಹಿಡಿಯಾಗಿ ಕೂತಿತ್ತು. ಅವಳು ಹೆತ್ತದ್ದು ಇಲ್ಲವೆಂದಲ್ಲ. ಎರಡೂ ಕುಂದಾಪುರದ ಆಸ್ಪತ್ರೆಯಲ್ಲಿ ಉಸಿರೆತ್ತದೆ ಬಂದು ಉಸಿರೆತ್ತದೆ ಹೋದವು, ಒಂದರ ಕೈಯನ್ನೂ ಹಿಡಿಯಲು ಕೊಡಲಿಲ್ಲ ನರ್ಸುಗಳು. ಆಮೇಲೆ ಗಂಡ ಮುಂಬಯಿಯ ಹೋಟೆಲಿಗೆ ಹೋದವ ವರ್ಷಕ್ಕೊಮ್ಮೆ ಬಂದು ತಾಯಿಗೆ ಸೀರೆ, ಇವಳಿಗೆ ಬುದ್ಧಿಮಾತು ಕೊಟ್ಟು ಹೋಗುತ್ತಾನೆ. ಮನೆಯಲ್ಲಿ ಅತ್ತೆ ಮತ್ತು ಅವಳು, ಮಾತಾಡುವುದಕ್ಕೆ ಟಿವಿ. ತಿಕ್ಕುತ್ತ ತಿಕ್ಕುತ್ತ ಸಿಟ್ಟು ಬಂತು, ಯಾರ ಮೇಲೆ ಎಂದರೆ ಸರಸಳ ಮೇಲೆ. ಹೆತ್ತು ತಂದು ಮೇಜಿನ ಕೆಳಗೆ ಹಾಕಿಕೊಂಡಿದ್ದಾಳೆ, ಬೆಲೆ ಗೊತ್ತಿಲ್ಲದವಳು. ಇಂಥವರಿಗೆ ಕೊಟ್ಟ ದೇವರು ನನಗೊಂದನ್ನು ಕೊಟ್ಟಿದ್ದರೆ ನಾನು ಹೀಗೆ ಇಟ್ಟುಕೊಳ್ಳುತ್ತಿದ್ದೆನೇ? ನಾರಿನ ಬಿಸಿ ಅವಳ ಅಂಗೈಗೂ ತಾಗುತ್ತಿತ್ತು. ಕಪ್ಪು ನೀರು ಹರಿದು ಚರಂಡಿ ಸೇರಿತು. ಕೊನೆಗೆ ಗುಲಾಬಿ ಬಣ್ಣದ ಬೆರಳುಗಳು ಮೇಲೆ ಬಂದಾಗ ಅವಳು ಸರಸಳತ್ತ ತಿರುಗಿ, ಕಂಡೆಯಾ ಎನ್ನುವ ಹಾಗೆ ನೋಡಿದಳು.

ಈಗ ಕೋಣೆ ಗುಡಿಸಿಯಾದ ಮೇಲೆ ಸರಸ ಮಗುವನ್ನು ತಂದು ಬಿಟ್ಟು, ಮುಖ ನೋಡದೆ, ಕೆಲಸದ ಜಾಗಕ್ಕೆ ಹೋದಳು. ವನಜ ಚೀಲದಿಂದ ಹಸಿರು ಫ್ರಾಕು ತೆಗೆದಳು. ಮೊನ್ನೆ ಕುಂದಾಪುರದಲ್ಲಿ ಕೊಂಡದ್ದು. ಅಂಗಡಿಯವ ಯಾರಿಗೆ, ಎಷ್ಟು ಪ್ರಾಯ ಎಂದಾಗ, ನನ್ನ ಮಗಳಿಗೆ ಎಂದು ಹೇಳಿ, ಹೇಳಿದ್ದೇ ತಡ, ಪರಿಚಯದವರು ಯಾರಾದರೂ ಇದ್ದಾರೋ ಎಂದು ಹಿಂದೆ ತಿರುಗಿ ನೋಡಿದ್ದಳು. ಕೂಸು ಹುಟ್ಟುವ ಮೊದಲೇ ಕುಲಾವಿ ಎನ್ನುತ್ತಾರೆ. ಹುಟ್ಟಿದ ಕೂಸು ಬೇರೆಯವರದ್ದಾದರೆ ಏನೆನ್ನುತ್ತಾರೋ. ಫ್ರಾಕು ಸರಿಯಾಗಿಯೇ ಆಯಿತು. ತಲೆ ಬಾಚಿ, ತನ್ನ ಹಾಗೆಯೇ ಬೈತಲೆ ತೆಗೆದು, ಕೊನೆಗೆ ಕೈ ನೋಡಿದಳು. ಕಪ್ಪಿನ ಸುಳಿವಿಲ್ಲ. ಆಗಷ್ಟೇ ಸಿಪ್ಪೆ ತೆಗೆದ ಬೀಜದ ಹಾಗೆ ನುಣ್ಣಗಿತ್ತು, ಬಣ್ಣ ಮಾತ್ರ ಬೇಡದಷ್ಟು ಕೆಂಪು. ಬೆರಳ ಸಂದಿನಲ್ಲಿ ಸಣ್ಣ ಸಣ್ಣ ನೀರಗುಳ್ಳೆ ಎದ್ದಿದ್ದವು. ನೋವುಂಟಾ ಎಂದು ಕೇಳಿದಳು. ಇಲ್ಲೆ ಎಂದಿತು ಮಗು, ಕಣ್ಣನ್ನು ಜಾರುಬಂಡಿಯಿಂದ ಕೀಳದೆ. ನೋವಿದೆ ಎಂದರೆ ಒಳಗೆ ಇರಲು ಬಿಡಲಿಕ್ಕಿಲ್ಲ ಎಂದು ಅದಕ್ಕೂ ಗೊತ್ತಿತ್ತು. ಇಲ್ಲ ಎಂದಿತಲ್ಲ, ಅಷ್ಟು ಸಾಕು ಎಂದುಕೊಂಡಳು ವನಜ.

ಮಕ್ಕಳು ಬಂದರು. ಆಫೀಸಿನವರ ಮಕ್ಕಳು, ಲಾರಿ ಬುಕ್ಕಿಂಗಿನವರ ಮಕ್ಕಳು, ಕೊನೆಗೆ ಮಧುಸೂದನರ ಮಗಳು ಅನ್ವಿತಾ, ಕೋಟದ ಮನೆಯಿಂದ ಕಾರಿನಲ್ಲಿ, ಕೈಯಲ್ಲಿ ತನ್ನದೇ ನೀರಿನ ಬಾಟಲಿ ಹಿಡಿದು. ಒಂದೇ ಒಂದು ಮಗು ಬೀಜ ಒಡೆಯುವವರದ್ದು. ಮಧುಸೂದನ ಬಾಗಿಲಲ್ಲಿ ನಿಂತು ಎಣಿಸಿ ನೋಡಿ, ತಲೆ ಬಾಚಿದ ಮಗುವಿನ ಗುರುತು ಹತ್ತದೆ, ಹಸಿರು ಫ್ರಾಕಿನದ್ದು ಯಾರ ಮನೆಯದ್ದು ಎಂದರು. ನಮ್ಮ ಕಡೆಯದ್ದೇ ಸರ್ ಎಂದಳು ವನಜ. ಸುಳ್ಳು ಅಲ್ಲ, ನಿಜವೂ ಅಲ್ಲ. ಅಡ್ಡಗೋಡೆಯ ಮೇಲೆ ದೀಪ ಇಡುವುದನ್ನು ಕಾರ್ಖಾನೆಯಲ್ಲಿ ಇಷ್ಟು ವರ್ಷ ದುಡಿದವರಿಗೆ ಕಲಿಸಬೇಕಾಗಿಲ್ಲ. ಅವರು ಹೋದರು. ಮಗು ಜಾರುಬಂಡಿ ಹತ್ತಿತು. ಜಾರಿತು. ಮತ್ತೆ ಓಡಿ ಹೋಗಿ ಹತ್ತಿತು. ಬಾಯಿ ಕಿವಿಯ ತನಕ ಹೋಗಿತ್ತು, ಸದ್ದು ಮಾತ್ರ ಇಲ್ಲ; ಮೇಜಿನ ಕೆಳಗೆ ಕೂತು ಕೂತು ಸದ್ದಿಲ್ಲದೆ ನಗುವುದು ಅಭ್ಯಾಸವಾಗಿತ್ತು ಅದಕ್ಕೆ. ವನಜಳಿಗೆ ಜೀವಮಾನದಲ್ಲಿ ಇಷ್ಟು ಸಂತೋಷ ಆದದ್ದು ನೆನಪಿಲ್ಲ ಎನಿಸಿತು, ಎನಿಸಿದ ಕೂಡಲೇ ಕಂಡದ್ದು ಇನ್ನೊಂದು: ಮಗು ಜಾರುವಾಗ ಪಕ್ಕದ ಅಂಚನ್ನು ಹಿಡಿಯುತ್ತಿರಲಿಲ್ಲ. ಎರಡೂ ಕೈಯನ್ನು ಮೇಲಕ್ಕೆತ್ತಿಕೊಂಡು, ಬೆರಳುಗಳನ್ನು ಒಂದಕ್ಕೊಂದು ತಾಗದಂತೆ ಬಿಡಿಸಿಕೊಂಡು ಜಾರುತ್ತಿತ್ತು. ಅನ್ವಿತಾ ಹತ್ತಿರ ಬಂದು, ಆಂಟಿ, ಅವಳ ಕೈಯಿಂದ ನೀರು ಬರ್ತಾ ಉಂಟು, ನಾನು ಆ ಜಾರುಬಂಡಿ ಮುಟ್ಟುದಿಲ್ಲ ಎಂದಳು. ಆಗಲೂ ಹೊತ್ತಿತ್ತು. ಕೈಗೆ ಹರಳೆಣ್ಣೆ ಹಚ್ಚಿ, ಮಗುವನ್ನು ಎತ್ತಿ ಸರಸಳ ಮಡಿಲಿಗೆ ಕೊಟ್ಟು ಬರಲು ಎಷ್ಟು ಹೊತ್ತು ಬೇಕು? ಆದರೆ ಆ ಮುಖ ನೋಡಿ ಎತ್ತಲು ಮನಸ್ಸು ಬರಲಿಲ್ಲ. ಮಗುವಿಗಾಗಿ ಬರಲಿಲ್ಲವೇ, ಕೊಟ್ಟವಳು ಎನಿಸಿಕೊಳ್ಳುವ ತನ್ನ ಚಪಲಕ್ಕಾಗಿ ಬರಲಿಲ್ಲವೇ ಎಂದು ಆಗಲೇ ಕೇಳಿಕೊಂಡಿದ್ದರೆ ಆಗುತ್ತಿತ್ತು. ಕೈ ಹಿಂದೆ ಕಟ್ಟಿಕೊಂಡು ಕೂತ್ಕೋ, ಯಾರಿಗೂ ತೋರಿಸಬೇಡ ಎಂದು ಮಗುವಿನ ಕಿವಿಯಲ್ಲಿ ಹೇಳಿದಳು. ಅಷ್ಟರಲ್ಲಿ ಆಡಿಟ್ಟಿನವರು ಬಂದರು.

ಬಂದದ್ದು ಒಬ್ಬಳೇ, ಬೆಂಗಳೂರಿನ ಹುಡುಗಿ, ತಲೆಗೆ ಕಾರ್ಖಾನೆಯವರು ಕೊಟ್ಟ ಬಲೆಟೋಪಿ. ಮಧುಸೂದನ ಪಕ್ಕದಲ್ಲಿ ಕೈ ಕಟ್ಟಿಕೊಂಡು ನಡೆಯುತ್ತಿದ್ದರು. ಹಿಂದಿನ ಸಲದವರು ಬಾಗಿಲಲ್ಲೇ ನಿಂತು ಫೋಟೋ ತೆಗೆದುಕೊಂಡು ಹೋಗಿದ್ದರು. ಇವಳು ಚಪ್ಪಲಿ ಕಳಚಿ ಒಳಗೆ ಬಂದು ಮಕ್ಕಳ ನಡುವೆ ನೆಲದ ಮೇಲೆ ಕೂತುಬಿಟ್ಟಳು. ಹೆಸರು ಕೇಳಿದಳು, ಬಾತುಕೋಳಿ ಹೇಗೆ ಕೂಗುತ್ತದೆ ಎಂದು ಕೇಳಿದಳು. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ಬಾಗಿಲಿನಿಂದಲೇ ಹೋಗಿರುತ್ತಿದ್ದಳು. ಆಮೇಲೆ ಒಂದೊಂದೇ ಮಗುವಿನ ಜೊತೆ ಅಂಗೈಗೆ ಅಂಗೈ ತಟ್ಟುವ ಆಟ ಶುರು ಮಾಡಿದಳು. ಅನ್ವಿತಾ ತಟ್ಟಿದಳು, ಅವಳ ಪಕ್ಕದ್ದು ತಟ್ಟಿತು. ಪ್ರೇಕ್ಷಾ ಹಿಂದೆ ಕಟ್ಟಿದ ಕೈ ಬಿಡದೆ ವನಜಳ ಮುಖ ನೋಡಿತು. ಕೊಡು ಪುಟ್ಟಿ, ಏನೂ ಆಗಲ್ಲ ಎಂದಳು ಆ ಹುಡುಗಿ. ಮಗು ಕೈ ಕೊಟ್ಟಿತು. ತಟ್ಟಿದ ಸದ್ದು ಆಗಲಿಲ್ಲ. ಅವಳು ಆ ಎರಡು ಕೈಗಳನ್ನು ಮೇಲೆ ಮಾಡಿ ಹಿಡಿದು ನೋಡುತ್ತ ಕೂತಳು. ಗುಳ್ಳೆ ಒಡೆದು ಅವಳ ಅಂಗೈಯೂ ಒದ್ದೆಯಾಗಿತ್ತು. ಇದು ಏನು ಎಂದು ಮಗುವನ್ನು ಕೇಳಿದಳು, ಮಗು ಮತ್ತೆ ವನಜಳನ್ನೇ ನೋಡಿತು. ಆ ನೋಟವನ್ನು ಹಿಡಿದುಕೊಂಡು ಆ ಹುಡುಗಿಯ ಕಣ್ಣೂ ವನಜಳ ಮೇಲೆ ಬಂತು, ಮಗುವಿನ ಬೈತಲೆಗೂ ವನಜಳ ಬೈತಲೆಗೂ ಹೋಗಿ ಬಂತು.

"ನೀವಾ ಇವಳ ತಾಯಿ?"

ಮಧುಸೂದನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಹೇಳಲು ಎಷ್ಟೊಂದು ಮಾತುಗಳಿದ್ದವು. ತಿಕ್ಕಿದ್ದು ನಾನು ಎನ್ನಬಹುದಿತ್ತು. ಗೊತ್ತಿದ್ದೂ ತಿಕ್ಕಿದೆ ಎನ್ನಬಹುದಿತ್ತು. ಏನೂ ಹೇಳದೆ ಹೋಗಿ ಮಗುವನ್ನು ಎತ್ತಿಕೊಳ್ಳಬಹುದಿತ್ತು. ಅವಳಿಗೆ ಕಂಡದ್ದು ಮಾತ್ರ ಒಂದೇ: ಮನೆ, ಟಿವಿಯ ಮುಂದೆ ಅತ್ತೆ, ಬೆಳಗಿನಿಂದ ಕತ್ತಲೆಯ ತನಕ ಅದೇ ಜಗಲಿ, ಹೋಗಲು ಇನ್ನೊಂದು ಜಾಗವಿಲ್ಲ.

"ಅಲ್ಲ ಮೇಡಂ. ಕಟಿಂಗಿನ ಸರಸ ಅಂತ, ಅವಳ ಮಗು. ಕೆಲಸದ ಜಾಗಕ್ಕೆ ತರಬೇಡ ಅಂತ ಎಷ್ಟು ಹೇಳಿದರೂ ಕೇಳುವುದಿಲ್ಲ."

ಪುಸ್ತಕದ ಕನ್ನಡದಲ್ಲಿ, ಒಂದು ತೊದಲಿಲ್ಲದೆ ಬಂತು. ಮೊದಲೇ ಬಾಯಿಪಾಠ ಮಾಡಿಟ್ಟಂತೆ ಬಂತು, ಅದೇ ಅವಳಿಗೆ ದಿಗಿಲು. ಸರಸಳನ್ನು ಕರೆಸಿದರು. ಅವಳು ಬೂದಿ ಮೆತ್ತಿದ ಕೈಯನ್ನು ಸೊಂಟಕ್ಕೆ ತಾಗದಂತೆ ಹಿಡಿದುಕೊಂಡು ಬಾಗಿಲ ಹೊರಗೇ ನಿಂತಳು. ಚೊಕ್ಕ ಕೋಣೆ, ಒಳಗೆ ಬರಲು ಯಾರೂ ಹೇಳಲಿಲ್ಲ. ಮಗು ನಿನ್ನದಾ ಎಂದರು ಮಧುಸೂದನ. ಹೌದೆಂದಳು. ಕೈ ಹೀಗಾದದ್ದು ಹೇಗೆ ಎಂದಳು ಆ ಹುಡುಗಿ. ಸರಸ ವನಜಳ ಕಡೆಗೆ ನೋಡಿದಳು. ಸಿಟ್ಟಿನಿಂದಲ್ಲ, ನೀವೇ ಹೇಳುತ್ತೀರಾ, ನಾನು ಹೇಳಬೇಕಾ ಎಂದು ಕೇಳುವ ಹಾಗೆ. ವನಜ ಗೋಡೆಯ ಬಾತುಕೋಳಿಯನ್ನು ನೋಡಿದಳು. ಅದರ ಕಣ್ಣನ್ನು ಯಾರೋ ಸ್ವಲ್ಪ ಮೇಲೆ ಬರೆದಿದ್ದರು. ನನ್ನಿಂದಲೇ ಆದದ್ದು, ನಾನೇ ತಿಕ್ಕಿದ್ದು ಎಂದಳು ಸರಸ.

ಈ ತರಹದವರನ್ನು ನಾವು ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ ಎಂದು ಮಧುಸೂದನ ಅಲ್ಲೇ ಹೇಳಿದರು. ಆ ಹುಡುಗಿ ಏನೋ ಹೇಳಹೋದಳು, ಡಾಕ್ಟರಿಗೆ ತೋರಿಸಿ, ಮೊದಲು ಕೈ ನೋಡಿ ಎಂದಳು. ಖಂಡಿತ ಮೇಡಂ, ಖಂಡಿತ ಎಂದು ಅವರು ಅವಳನ್ನು ಗೋದಾಮಿನ ಕಡೆಗೆ ಕರೆದುಕೊಂಡು ಹೋದರು. ಸರಸ ಮಗು ಹಾಕಿಕೊಂಡಿದ್ದ ಫ್ರಾಕನ್ನು ಬಿಚ್ಚಿಸಲಿಲ್ಲ, ಬೆಳಿಗ್ಗೆ ಬಿಚ್ಚಿಟ್ಟ ಬಟ್ಟೆಯನ್ನು ಕೇಳಲೂ ಇಲ್ಲ. ಮಗು ಅತ್ತದ್ದು ಆಗಲೇ. ಕೈ ನೋವಿಗಲ್ಲ, ಕೋಣೆ ಬಿಟ್ಟು ಹೋಗಬೇಕಲ್ಲ ಎಂದು. ಇನ್ನೊಂದ್ ಸಲ, ಒಂದೇ ಸಲ ಎನ್ನುತ್ತ ತಾಯಿಯ ಹಿಂದೆ ಗೇಟಿನ ತನಕ ಹೋದದ್ದು ಒಳಗಿನವರಿಗೆಲ್ಲ ಕೇಳುತ್ತಿತ್ತು.

ಮಧ್ಯಾಹ್ನ ಮಧುಸೂದನ ತಾವಾಗಿ ಗ್ರೇಡಿಂಗ್ ವಿಭಾಗಕ್ಕೆ ಬಂದು, ಹೊತ್ತಿಗೆ ಸರಿಯಾಗಿ ಹೇಳಿದಿರಿ, ಕಂಪೆನಿಯ ಮಾನ ಉಳಿಯಿತು ಎಂದರು. ಅವಳು ಆಯಿತು ಸರ್ ಎಂದಳು. ಬೇರೆ ಏನಾದರೂ ಹೇಳಬಹುದಿತ್ತು, ಬಾಯಿಗೆ ಬಂದದ್ದು ಆಯಿತು ಸರ್. ಮೇಜಿನ ಸುತ್ತ ಬೀಜ ತಟ್ಟೆಗೆ ಬೀಳುವ ಸದ್ದು ಮಾತ್ರ. ಎಲ್ಲರಿಗಿಂತ ಹಳಬಳು ನಾಗು, ತಲೆ ಎತ್ತದೆ, ನಿನ್ನೆ ಸಂಜೆ ನಾನು ನಲ್ಲಿಯ ಹತ್ತಿರವೇ ಕಾಲು ತೊಳೆಯುತ್ತಿದ್ದೆ ವನಜ ಎಂದಳು. ಅಷ್ಟು ಹೇಳಿ ಮುಂದಿನ ತಟ್ಟೆ ಎಳೆದುಕೊಂಡಳು. ವನಜಳ ಕಣ್ಣಿಗೆ ತುಂಡು ಬೀಜ, ಇಡೀ ಬೀಜ ಬೇರೆ ಬೇರೆಯಾಗಿ ಕಾಣುವುದೇ ನಿಂತುಹೋಯಿತು. ಥೂ, ಎಂಥ ಜನ್ಮ ಎಂದುಕೊಂಡಳು. ಕುಕ್ಕರಿಸಿ ಕೂತು ಜೋರಾಗಿ ಅಳಬೇಕೆನಿಸಿತು. ಸೂಪರ್‌ವೈಸರಿಗೆ ಅಳಲು ಜಾಗವೂ ಇರಲಿಲ್ಲ. ಇದ್ದದ್ದು ಆ ಕೋಣೆ, ಅದಕ್ಕೆ ಅವಳೇ ಬೀಗ ಹಾಕಿ ಬಂದಿದ್ದಳು.

ಸಂಜೆ ಕೆಲಸ ಬಿಟ್ಟವಳು ಮನೆಯ ಬಸ್ಸು ಹತ್ತದೆ, ಹೆಮ್ಮಾಡಿಯ ಮೆಡಿಕಲ್ಲಿನಲ್ಲಿ ಸುಟ್ಟ ಗಾಯದ ಮುಲಾಮು ಕೊಂಡು, ಹಟ್ಟಿಯಂಗಡಿಗೆ ಹೋದಳು. ಬಿಸಿಲು ಇನ್ನೂ ಇತ್ತು. ದಾರಿಯುದ್ದಕ್ಕೂ ಮಾತು ಜೋಡಿಸಿದಳು: ತಪ್ಪಾಯಿತು ಎನ್ನುವುದು, ನಾಳೆಯೇ ಮ್ಯಾನೇಜರಿಗೆ ಇದ್ದದ್ದನ್ನು ಹೇಳಿಬಿಡುತ್ತೇನೆ ಎನ್ನುವುದು. ಸರಸ ಬೈಯಲಿ, ಬಾಗಿಲು ಹಾಕಲಿ, ನೆರೆಮನೆಯವರು ಹೊರಗೆ ಬಂದು ನೋಡುವ ಹಾಗೆ ಕೂಗಲಿ ಎಂದು ಆಸೆಪಟ್ಟಳು. ಸರಸ ಅಂಗಳದಲ್ಲಿ ಹಸಿರು ಫ್ರಾಕನ್ನು ಹಿಂಡಿ ಒಣಗಲು ಹಾಕುತ್ತಿದ್ದಳು. ಬನ್ನಿ ಅಕ್ಕ ಎಂದು ಜಗಲಿಯಲ್ಲಿ ಚಾಪೆ ಹಾಸಿ, ಬೆಲ್ಲ ನೀರು ತಂದಿಟ್ಟಳು. ಒಣಗಿದ ಮೇಲೆ ಫ್ರಾಕನ್ನು ಯಾರ ಕೈಯಲ್ಲಾದರೂ ಕಳಿಸುತ್ತೇನೆ ಎಂದಳು. ವನಜ ನಾಳೆ ಹೇಳುವ ಮಾತು ಹೇಳಿದಳು. ಹೇಳಬೇಡಿ, ಹೇಳಿದರೆ ನಿಮ್ಮ ಕೆಲಸವೂ ಹೋದೀತು, ಇಬ್ಬರದ್ದೂ ಹೋದರೆ ಯಾರಿಗೆ ಏನು ಲಾಭ ಎಂದಳು ಸರಸ. ಆ ಮಾತಿಗೆ ತನ್ನ ಎದೆ ಹಗುರಾದದ್ದು ವನಜಳಿಗೆ ತಿಳಿಯಿತು. ಹಗುರಾಯಿತಲ್ಲ ಎಂದು ಹೇಸಿಗೆಯೂ ಆಯಿತು, ಆದರೆ ಹಗುರಾದದ್ದು ಹಗುರಾಯಿತು. ಬೆಲ್ಲದ ತುಂಡು ಬಾಯಿಗೆ ಹಾಕಿಕೊಂಡು, ಇನ್ನು ಮುಂದೆ ಹೇಗೆ ಎಂದು ಕೇಳಿದಳು. ಗಂಗೊಳ್ಳಿಯಲ್ಲಿ ಮೀನು ಹೆಚ್ಚುವಲ್ಲಿ ಮಧ್ಯಾಹ್ನವೇ ಕೇಳಿ ಬಂದಿದ್ದಾಳಂತೆ ಸರಸ, ಬಾ ಎಂದಿದ್ದಾರಂತೆ. ಅಲ್ಲಿ ಮಕ್ಕಳನ್ನು ಗೇಟಿನ ಒಳಗೇ ಬಿಡುವುದಿಲ್ಲ. ಮಗುವನ್ನು ಏನು ಮಾಡುತ್ತೀ ಎಂದಳು ವನಜ.

ಸರಸ ಒಣಹಾಕಿದ ಫ್ರಾಕನ್ನು ತಿರುವಿ ಹಾಕಿದಳು.

"ನಿಮ್ಮ ಮನ್ಯಗೆ ಬಿಡುವ ಅಂದೇಳಿ ಇದ್ದಿದ್ದೆ ಅಕ್ಕ. ಹಗಲಿಗ್ ನಿಮ್ಮ ಅತ್ತೆ ಇದ್ರ್, ಸಂಜಿಗ್ ನೀವ್ ಬತ್ರಿ. ವಾರಕ್ಕೊಂದ್ ಸಲ ನಾ ಬಂದ್ ಕಾಂಬುದ್. ನಿಮ್ಗೂ ಒಂದ್ ಜೀವ ಆತ್ತಲೆ ಅಂದೇಳಿ. ಆಡಿಟ್ ಕಳೀಲಿ, ಮತ್ ಕೇಂಬ ಅಂದೇಳಿ ಇದ್ದೆ."

ವನಜಳಿಗೆ ಬಾಯಲ್ಲಿದ್ದ ಬೆಲ್ಲ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ತನ್ನ ಮನೆಯ ಜಗಲಿಯಲ್ಲಿ ಆ ಮಗು ಓಡುವುದು, ಅತ್ತೆ ಗದರುವುದು, ಬಸ್ಸಿಳಿದು ಬರುವಾಗ ಬೇಲಿಯ ದಣಪೆಯ ಹತ್ತಿರ ಅದು ನಿಂತಿರುವುದು, ಎಲ್ಲ ಒಮ್ಮೆಗೇ ಕಂಡಿತು. ಆಗಿ ಹೋದದ್ದು ನೆನಪಾದಂತೆ ಕಂಡಿತು. ಈಗಲೂ ಬಿಡು, ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತೇನೆ ಎಂದಳು, ಬೇಡುವ ಸ್ವರದಲ್ಲಿ, ಬೇಡುವುದಕ್ಕೆ ನಾಚಿಕೆಯಾಗಲಿಲ್ಲ.

"ಇಲ್ಲೆ ಅಕ್ಕ" ಎಂದಳು ಸರಸ. "ಇಲ್ಲೇ ಒಳ್ಗ್ ಬಿಟ್ಟ್, ಬಾಗ್ಲ್ ಹಾಯ್ಕಂಡ್ ನಾ ಕೆಲ್ಸಕ್ಕ್ ಹೋತೆ."

ಒಳಗೆ ಮಲಗಿದ್ದ ಮಗು ಮಾತು ಕೇಳಿ ಎದ್ದು ಬಂತು. ಎರಡೂ ಕೈಗೆ ಹರಳೆಣ್ಣೆ ಹಚ್ಚಿ ಹಳೆಯ ಬಟ್ಟೆ ಸುತ್ತಿತ್ತು. ದೊಡ್ಡಮ್ಮನನ್ನು ನೋಡಿತು, ದೊಡ್ಡಮ್ಮನ ಕೈಯಲ್ಲಿದ್ದ ಮುಲಾಮನ್ನು ನೋಡಿತು. ಸೀದಾ ಬಂದು ಎದುರಿಗೆ ಕೂತು, ಹಲ್ಲಿನಿಂದ ಬಟ್ಟೆಯ ಗಂಟು ಎಳೆದು ಬಿಚ್ಚಿಕೊಂಡು, ಎರಡೂ ಕೈ ಮುಂದೆ ಚಾಚಿ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿತು.

"ತಿಕ್ಕ್ ದೊಡ್ಡಮ್ಮ. ನಾ ಮರ್ಕುದಿಲ್ಲೆ."